ಒಂದೂವರೆ ಇಂಚು

ಜನವರಿ 12

ಅಂಗಡಿಯ ಯಜಮಾನಿಗೆ,

ತಲುಪಿದೆ. ತಲುಪಿದ ಮೇಲೆ ಒಂದು ಸಾಲು ಬರೆಯಿರಿ ಎಂದು ನೀನೇನೂ ಹೇಳಿರಲಿಲ್ಲ. ಇಪ್ಪತ್ತಾರು ವರ್ಷ ನೀನು ಹೇಳಿದ್ದನ್ನು ಮಾಡಲಿಲ್ಲ, ಹೇಳದೇ ಇದ್ದದ್ದನ್ನಾದರೂ ಮಾಡೋಣ ಎಂದು ಬರೆಯುತ್ತಿದ್ದೇನೆ.

ಕೋಣೆ ಮೂರನೆಯ ಮಹಡಿಯಲ್ಲಿದೆ. ಮನೆಯೊಡತಿ ‘ಉದ್ದ ಹನ್ನೊಂದೂಕಾಲು ಅಡಿ’ ಅಂದಳು. ನಾನು ಕೊರಳಿನ ಟೇಪು ತೆಗೆದು ಅವಳ ಎದುರೇ ಅಳೆದೆ. ಹನ್ನೊಂದು ಅಡಿ ಕೂಡ ಪೂರ್ತಿ ಇಲ್ಲ! ‘ಅಮ್ಮಾ, ಮಿಕ್ಕ ಜಾಗ ನಿಮ್ಮ ಕೋಣೆಯಲ್ಲಿದೆಯೋ?’ ಅಂದೆ. ಮುಖ ಕೆಂಪಾಯಿತು. ಬಂದ ದಿನವೇ ಒಂದು ಸುಳ್ಳು ಹಿಡಿದೆ. ಹೊಸ ಊರಿನಲ್ಲಿ ಇಷ್ಟು ಎಚ್ಚರ ಬೇಕು. ಒಂದು ಕಿಟಕಿ, ಅದರಾಚೆ ಇನ್ನೊಬ್ಬರ ಗೋಡೆ. ಹಿಂದಿನ ಬಾಡಿಗೆಯವನು ಎರಡು ತಟ್ಟೆ, ಒಂದು ಚಮಚ ಬಿಟ್ಟುಹೋಗಿದ್ದಾನೆ. ಎರಡನೆಯ ತಟ್ಟೆಯನ್ನು ಎತ್ತಿ ಮೇಲಿಟ್ಟೆ.

ಕೆಲಸ ಸಿಕ್ಕಿತು. ನಾಲ್ಕು ಮಹಡಿಯ ಬಟ್ಟೆ ಅಂಗಡಿ. ನಾನು ಎರಡನೆಯ ಮಹಡಿಯಲ್ಲಿ ಮೂರು ಮಡಿಕೆಯ ಕನ್ನಡಿಯ ಮುಂದೆ ನಿಂತು ಅಳತೆ ತೆಗೆಯುತ್ತೇನೆ, ಅಷ್ಟೇ. ಚೀಟಿ ಬರೆದು ಒಂದು ಕೊಳವೆಯೊಳಗೆ ಹಾಕಿದರೆ ಅದು ನೆಲಮಾಳಿಗೆಗೆ ಜಾರುತ್ತದೆ. ಅಲ್ಲಿ ಕತ್ತರಿಸುವವರು ಆರು ಜನರಂತೆ. ಒಬ್ಬರ ಮುಖವನ್ನೂ ನೋಡಿಲ್ಲ. ‘ಎಷ್ಟು ವರ್ಷದ ಅನುಭವ?’ ಎಂದು ಮೇಲ್ವಿಚಾರಕಿ ಕೇಳಿದಳು. ಟೇಪು ತೋರಿಸಿದೆ. ‘ಇದರ ವಯಸ್ಸೇ ಇಪ್ಪತ್ತಾರು. ನನ್ನ ಗುರು ಕೊರಳಿಗೆ ಹಾಕಿದ್ದು’ ಅಂದೆ. ಕನ್ನಡಿಯ ಕಡೆ ಕೈ ತೋರಿಸಿದಳು.

ಟೇಪು ತಂದದ್ದಕ್ಕೆ ನಿನ್ನ ಆಕ್ಷೇಪವಿರಲಾರದು. ಅಳತೆ ಪುಸ್ತಕ ನಿನಗೆ, ಟೇಪು ನನಗೆ. ಪಾಲು ಸರಿಯಾಗಿದೆ.

ಬ್ಯಾಂಡಿನವರ ಹನ್ನೆರಡು ಕೋಟಿನ ಮಾತನ್ನು ನಾನು ಎತ್ತುವುದಿಲ್ಲ. ಊಟ ಚೆನ್ನಾಗಿದೆ. ದಪ್ಪವಾಗುತ್ತಿದ್ದೇನೆ.

— ಕಟಿಂಗ್ ಮಾಸ್ಟರ್

*

ಜನವರಿ 30

ಮಾಸ್ಟರಿಗೆ,

ಕಾಗದ ಬಂತು. ಮೊನ್ನೆ ಫೋನು ಮಾಡಿದ್ದೂ ನೀವೇ ಎಂದು ಗೊತ್ತು. ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀವು ಉಸಿರು ತೆಗೆದುಕೊಳ್ಳುವುದರೊಳಗೆ ನಾನು ಮಾತು ಮುಗಿಸಬೇಕು. ಕಾಗದದಲ್ಲಾದರೆ ನನ್ನ ಸರದಿ ನನಗೆ ಬರುತ್ತದೆ. ಬರೆಯುವುದಿದ್ದರೆ ಬರೆಯಿರಿ.

ಎತ್ತುವುದಿಲ್ಲ ಎಂದು ಬರೆದೇ ಎತ್ತಿದ್ದೀರಿ. ಹಾಗಾದರೆ ಪೂರ್ತಿ ಎತ್ತೋಣ. ಬ್ಯಾಂಡ್ ಮಾಸ್ಟರ್ ತಮ್ಮ ಹನ್ನೆರಡು ಜನರ ಅಳತೆಯನ್ನು ತಾವೇ ತೆಗೆದು ಚೀಟಿಯಲ್ಲಿ ಬರೆದು ತಂದರು. ನೀವು ಕತ್ತರಿಸಿದಿರಿ, ನಾನು ಹೊಲಿದೆ. ಹನ್ನೆರಡೂ ದೊಗಳೆಯಾದವು. ಭುಜ ಜೋತುಬಿದ್ದು, ತೋಳು ಬೆರಳಿನವರೆಗೆ ಬಂದು, ಅಣ್ಣನ ಕೋಟು ತಮ್ಮ ಹಾಕಿಕೊಂಡ ಹಾಗೆ. ಹನ್ನೆರಡು ಜನ ಸಾಲಾಗಿ ನಿಂತಿದ್ದಾಗ ನೀವು ಅಂದಿರಿ: ‘ನನ್ನ ಕತ್ತರಿ ತಪ್ಪಲ್ಲ. ಇವಳ ಕೈ ಹೋಗಿದೆ, ಕಣ್ಣೂ ಹೋಗಿದೆ. ಹೊಲಿಗೆ ಹಿಡಿಯೋಕೇ ಬರ್ತಿಲ್ಲ ಈಗ.’ ತುತ್ತೂರಿಯವನು ನಕ್ಕ. ಒಂಬತ್ತು ದಿನ ಕೂತು ಹನ್ನೆರಡನ್ನೂ ಬಿಚ್ಚಿ ಮತ್ತೆ ಹೊಲಿದೆ. ಹತ್ತನೆಯ ದಿನ ನಿಮ್ಮ ಪೆಟ್ಟಿಗೆಯನ್ನು ಬಾಗಿಲಲ್ಲಿಟ್ಟೆ.

ಅಂಗಡಿ ನನ್ನ ಅಪ್ಪನದು, ನೀವು ಮನೆಯಳಿಯ ಎಂದು ಇಡಲಿಲ್ಲ. ಆ ಮಾತು ಆಡಿದವರ ಪಕ್ಕ ಕೂತು ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಅದಕ್ಕೆ.

ಹೊಸ ಟೇಪು ತಂದಿದ್ದೇನೆ. ಹಳದಿ ಬಣ್ಣ, ಇನ್ನೂ ವಾಸನೆ ಹೋಗಿಲ್ಲ. ಈಗ ಕತ್ತರಿಸುವುದೂ ನಾನೇ. ಒಮ್ಮೆ ಅಳತೆ ಕೊಟ್ಟವರು ಮತ್ತೆ ಬರಬೇಕಿಲ್ಲ, ಬಟ್ಟೆ ಕಳಿಸಿದರೆ ಸಾಕು ಎಂಬ ನಮ್ಮ ಅಂಗಡಿಯ ಮಾತು ಹಾಗೇ ಇದೆ. ಪುಸ್ತಕ ನೋಡಿ ಕತ್ತರಿಸುತ್ತೇನೆ. ಹೊಲಿಗೆಯ ಒಳಗೆ ಒಂದಿಂಚು ಬಟ್ಟೆ ಬಿಡುತ್ತೇನೆ. ‘ಅರ್ಧ ಇಂಚು ಸಾಕು, ಬಟ್ಟೆ ದಂಡ’ ಎನ್ನುವವರು ಈಗ ಯಾರೂ ಇಲ್ಲ.

ನಿಮ್ಮ ಅಕ್ಕ ದಿನಾ ಬಂದು ಕೂರುತ್ತಾರೆ. ‘ಅಂಗಡಿ ಎಷ್ಟು ಶಾಂತವಾಗಿದೆ ನೋಡು. ನನ್ನ ತಮ್ಮ ಸುಮ್ಮನಿದ್ದದ್ದು ಹುಟ್ಟೋಕೆ ಮುಂಚೆ ಮಾತ್ರ’ ಅನ್ನುತ್ತಾರೆ. ಹೇಳಿ ಒಂದು ಗಳಿಗೆ ಬಾಗಿಲು ನೋಡುತ್ತಾರೆ.

ಸಲಹೆ ಬರೆಯಬೇಡಿ.

— ಹೊಲಿಯುವವಳು

*

ಫೆಬ್ರವರಿ 16

ಅಂಗಡಿಯ ಯಜಮಾನಿಗೆ,

ಸಲಹೆ ಅಲ್ಲ, ಮಾಹಿತಿ: ಕಪ್ಪು ಬಟ್ಟೆ ಕತ್ತರಿಸುವಾಗ ಕಿಟಕಿ ನಿನ್ನ ಎಡಕ್ಕಿರಲಿ. ಬಲಕ್ಕಿದ್ದರೆ ಕತ್ತರಿಯ ನೆರಳು ಗೆರೆಯ ಮೇಲೆ ಬೀಳುತ್ತದೆ.

ಈ ಊರಿನವರ ಬಗ್ಗೆ ಒಂದು ಸಂಗತಿ ಕಂಡುಹಿಡಿದಿದ್ದೇನೆ. ಇವರು ಅಳತೆ ಕೊಡುವಾಗ ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಬಟ್ಟೆ ತಯಾರಾಗಿ ಬಂದಾಗ ಹೊಟ್ಟೆ ತನ್ನ ಜಾಗಕ್ಕೆ ವಾಪಸು ಬಂದಿರುತ್ತದೆ. ಆಮೇಲೆ ‘ಬಿಗಿ, ಬಿಗಿ’ ಎಂದು ಕೂಗು. ಒಂದು ತಿಂಗಳಲ್ಲಿ ಹದಿನೇಳು ಕೋಟು ತಿರುಗಿ ಬಂದಿವೆ. ಒಬ್ಬ ವಕೀಲ ಕನ್ನಡಿಯ ಮುಂದೆ ಕೈ ಎತ್ತಿ ವಾದ ಮಾಡಿ ತೋರಿಸಿದ. ಕಂಕುಳಲ್ಲಿ ಪರ್ರ್ ಎಂದಿತು. ‘ಸ್ವಾಮೀ, ಕೈ ಎತ್ತದೇ ವಾದ ಮಾಡೋಕಾಗಲ್ವಾ?’ ಅಂದೆ. ಅವನು ನಗಲಿಲ್ಲ. ಮೇಲ್ವಿಚಾರಕಿಯೂ ನಗಲಿಲ್ಲ.

ತಪ್ಪು ನೆಲಮಾಳಿಗೆಯವರದು. ಅದರಲ್ಲಿ ಸಂಶಯವೇ ಇಲ್ಲ. ಚೀಟಿಯಲ್ಲಿ ನಲವತ್ತೆಂದು ಬರೆದರೆ ಮೂವತ್ತೊಂಬತ್ತು ಕತ್ತರಿಸುತ್ತಾರೆ. ಕೊಳವೆಯ ಬಾಯಿಗೆ ಬಾಯಿ ಇಟ್ಟು ಒಮ್ಮೆ ಕೂಗಿಯೂ ಹೇಳಿದೆ. ಕೆಳಗಿನಿಂದ ಏನೋ ಉತ್ತರ ಬಂತು. ಒಳ್ಳೆಯ ಮಾತಿನ ಹಾಗೆ ಕೇಳಲಿಲ್ಲ.

ಮನೆಯೊಡತಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಸತ್ಯ ಹೇಳಿದವರಿಗೆ ಇದೆಲ್ಲ ಇದ್ದದ್ದೇ. ಊಟಕ್ಕೇನೂ ಕೊರತೆಯಿಲ್ಲ. ಬೆಲ್ಟಿನಲ್ಲಿ ಒಂದು ತೂತು ಮುಂದೆ ಹೋಗಿದ್ದೇನೆ.

ಅಕ್ಕನಿಗೆ ಹೇಳು, ಬಾಗಿಲು ನೋಡಬೇಡ ಅಂತ.

— ಕಟಿಂಗ್ ಮಾಸ್ಟರ್

*

ಮಾರ್ಚ್ 4

ಮಾಸ್ಟರಿಗೆ,

ಕಿಟಕಿ ಎಡಕ್ಕೇ ಇದೆ. ಅಪ್ಪ ಮೇಜು ಹಾಕಿಸಿದಾಗಿನಿಂದ ಎಡಕ್ಕೇ ಇದೆ. ನೀವು ಇಪ್ಪತ್ತಾರು ವರ್ಷ ಅಲ್ಲೇ ನಿಂತಿದ್ದಿರಿ.

ನೀವು ಹೋದ ಮೇಲೆ ನಮ್ಮ ಬೀದಿಯವರೆಲ್ಲ ದಪ್ಪವಾಗಿದ್ದಾರೆ. ಪೋಸ್ಟ್ ಮಾಸ್ಟರ ಕೋಟಿನ ಗುಂಡಿ ಹಾಕಲು ನಾನೂ ಅವರ ಹೆಂಡತಿಯೂ ಸೇರಿ ಎಳೆಯಬೇಕಾಯಿತು. ‘ಮೂರು ವರ್ಷದ ಹಿಂದಿನ ಅಳತೆ, ಈಗ ಮೈ ಬಂದಿದೆ ನಿಮಗೆ’ ಅಂದೆ. ಹೆಂಡತಿಗೆ ಖುಷಿಯಾಯಿತು, ಅವರಿಗೆ ಆಗಲಿಲ್ಲ. ದಾದಿಯ ಅಂಗಿ, ಪೇಪರ್ ಏಜೆಂಟನ ಪ್ಯಾಂಟು, ಎಲ್ಲದಕ್ಕೂ ಅದೇ ಮಾತು ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅನುಮಾನ. ಒಳಗೆ ಬಿಟ್ಟಿದ್ದ ಒಂದಿಂಚು ಕಾಪಾಡುತ್ತಿದೆ. ಬಿಚ್ಚಿ ಸಡಿಲ ಮಾಡಿ ಕಳಿಸುತ್ತೇನೆ. ಕೆಲಸಕ್ಕೇನೂ ತೊಂದರೆಯಿಲ್ಲ. ಎಲ್ಲ ಚೆನ್ನಾಗಿ ನಡೆದಿದೆ.

ಇದರ ಜೊತೆ ಒಂದು ಅಂಗಿ ಇದೆ. ಬೂದು ಗೀರಿನ ಬಟ್ಟೆ, ನೀವೇ ತೆಗೆದಿಟ್ಟಿದ್ದದ್ದು. ಬೀರುವಿನಲ್ಲಿ ಜಾಗ ಬೇಕಿತ್ತು, ಅದಕ್ಕೆ ಹೊಲಿದೆ. ಪುಸ್ತಕದಲ್ಲಿ ನಿಮ್ಮ ಪುಟವೂ ಇತ್ತಲ್ಲ, ಎದೆ ನಲವತ್ತು, ತೋಳು ಇಪ್ಪತ್ತನಾಲ್ಕು. ಅದರಂತೆ ಕತ್ತರಿಸಿದೆ. ಬೇರೆ ಅರ್ಥ ಹುಡುಕಬೇಡಿ.

— ಹೊಲಿಯುವವಳು

*

ಮಾರ್ಚ್ 20

ಅಂಗಡಿಯವಳೇ,

ಅಂಗಿ ಬಂತು. ಹಾಕಿಕೊಂಡೆ. ಮೈಮೇಲೆ ಅಚ್ಚು ಹೊಯ್ದ ಹಾಗಿದೆ! ಎದೆಗೆ ಸರಿ, ಹೊಟ್ಟೆಗೆ ಸರಿ. ತೋಳು ಮಾತ್ರ ಅರ್ಧ ಇಂಚಿನಷ್ಟು ಗಿಡ್ಡ, ಅದೇನು ದೊಡ್ಡ ಮಾತಲ್ಲ. ಕೊರಳಪಟ್ಟಿಯ ಮೂಲೆ ನೋಡಿದೆ, ಒಳಹೊಲಿಗೆ ನೋಡಿದೆ, ಕಾಜಾ ಎಣಿಸಿದೆ. ಒಂದು ದಾರವೂ ಆಚೀಚೆ ಇಲ್ಲ. ಅಂಗಿ ಹಾಕಿಕೊಂಡು ಮೂರು ಬೀದಿ ಸುಮ್ಮನೆ ನಡೆದುಬಂದೆ. ಹೊಸ ಊರಿನಲ್ಲಿ ಒಂದು ಅನುಕೂಲ: ಯಾರೂ ಎಲ್ಲಿಗೆ ಹೊರಟಿರಿ ಎಂದು ಕೇಳುವುದಿಲ್ಲ. ಒಂದು ಅನನುಕೂಲವೂ ಅದೇ.

ಅಂಗಡಿಯಲ್ಲಿ ನನ್ನ ಜವಾಬ್ದಾರಿ ಸ್ವಲ್ಪ ಬದಲಾಗಿದೆ. ಈಗ ಎರಡನೆಯ ಮಹಡಿಯಲ್ಲಿಲ್ಲ. ವಿವರ ಮುಂದೆ ಬರೆಯುತ್ತೇನೆ.

ನೋಡು, ಮನಸ್ಸಿಟ್ಟರೆ ನಿನ್ನ ಕೈ ಈಗಲೂ ಎಷ್ಟು ಚೆನ್ನಾಗಿದೆ! ಆ ಹನ್ನೆರಡು ಕೋಟಿಗೂ ಹೀಗೇ ಮನಸ್ಸಿಟ್ಟಿದ್ದರೆ ನಾನು ಇಲ್ಲಿ ಯಾಕೆ ಇರುತ್ತಿದ್ದೆ?

— ಕಟಿಂಗ್ ಮಾಸ್ಟರ್

*

ಏಪ್ರಿಲ್ 11

ಕಾಗದ ಬರಲಿಲ್ಲ. ಅಂಚೆಯವನನ್ನು ಎರಡು ಸಲ ಕೇಳಿದೆ. ‘ಬಂದರೆ ನಾನೇ ಇಟ್ಕೋತೀನಾ ಸ್ವಾಮೀ?’ ಅಂದ.

ಮೈ ಹುಷಾರಾಗಿದೆ ತಾನೇ? ಅಕ್ಕನ ಕೈಯಲ್ಲಾದರೂ ಒಂದು ಸಾಲು ಬರೆಸು.

ಹಿಂದಿನ ಕಾಗದದಲ್ಲಿ ಕೊನೆಗೆ ಏನೋ ಬರೆದೆ. ಹೊಗಳುವುದಕ್ಕೇ ಹೊರಟಿದ್ದೆ. ಹೊಗಳಿಕೆ ಎಲ್ಲಿಗೆ ಮುಗಿಯಿತು ಎಂದು ಅಂಚೆಗೆ ಹಾಕಿದ ಮೇಲೆ ಗೊತ್ತಾಯಿತು. ಡಬ್ಬಿಯ ಬಾಯಿಗೆ ಕೈ ಹಾಕಿ ನೋಡಿದೆ, ಬೆರಳು ಮಾತ್ರ ಹೋಗುತ್ತದೆ.

— ನಾನು

*

ಏಪ್ರಿಲ್ 28

ಮಾಸ್ಟರಿಗೆ,

ಒಂದು ಕೆಲಸ ಮಾಡಿ. ಒಂದು ಉಕ್ಕಿನ ಅಳತೆಪಟ್ಟಿ ತನ್ನಿ. ನಿಮ್ಮ ಟೇಪನ್ನು ಅದರ ಪಕ್ಕ ನೇರವಾಗಿ ಇಡಿ. ಎಳೆಯಬೇಡಿ. ನಿಮ್ಮ ಟೇಪಿನ ಅರವತ್ತು ಉಕ್ಕಿನ ಪಟ್ಟಿಯಲ್ಲಿ ಎಷ್ಟು ಎಂದು ಬರೆಯಿರಿ.

ಬೇರೇನೂ ಬರೆಯುವುದು ಬೇಡ.

*

ಮೇ 6

ಅಂಗಡಿಯ ಯಜಮಾನಿಗೆ,

ಇದೇನು ಪರೀಕ್ಷೆ? ಈ ಟೇಪು ಇಪ್ಪತ್ತಾರು ವರ್ಷದಿಂದ ನನ್ನ ಕೊರಳಲ್ಲಿದೆ. ಇಸ್ತ್ರಿಗೆ ಇದ್ದಿಲು ತುಂಬುತ್ತಿದ್ದವನು ಕಟಿಂಗ್ ಮಾಸ್ಟರ್ ಆದದ್ದು ಇದನ್ನು ಹಿಡಿದುಕೊಂಡೇ. ಇದರಲ್ಲಿ ಅಳೆದವರು ಮದುವೆಯಾಗಿದ್ದಾರೆ, ಕೋರ್ಟಿಗೆ ಹೋಗಿದ್ದಾರೆ, ಚುನಾವಣೆ ಗೆದ್ದಿದ್ದಾರೆ. ಒಬ್ಬರೂ ‘ಅಳತೆ ತಪ್ಪು’ ಎನ್ನಲಿಲ್ಲ. ಈಗ ಇಂಚು ಎಂದರೆ ಎಷ್ಟು ಎಂದು ನಾನು ಅಂಗಡಿಯಿಂದ ಪಟ್ಟಿ ತಂದು ಕಲಿಯಬೇಕೋ?

ಕೈಯ ತಪ್ಪನ್ನು ಟೇಪಿನ ಮೇಲೆ ಹಾಕುವುದು ಸುಲಭ.

ನಾನು ಅಳೆಯುವುದಿಲ್ಲ.

— ಕಟಿಂಗ್ ಮಾಸ್ಟರ್

*

ಮೇ 15

ಮಾಸ್ಟರಿಗೆ,

ಅಳೆಯಬೇಡಿ. ನನಗೆ ಉತ್ತರ ಗೊತ್ತು. ನಿಮ್ಮ ಬಾಯಿಂದಲೇ ಬರಲಿ ಎಂದು ಕೇಳಿದ್ದೆ, ಅಷ್ಟೇ.

ಮೂಲೆ ಮನೆಯ ಬಡಗಿ ಅಂಗಿ ಒಯ್ದವನು ಅದೇ ಸಂಜೆ ವಾಪಸು ತಂದ. ಕೈ ಮುಂದೆ ಚಾಚಿದರೆ ಬೆನ್ನು ಹರಿಯುತ್ತದೆ. ಅಭ್ಯಾಸದ ಹಾಗೆ ‘ದಪ್ಪ ಆಗಿದೀರಿ’ ಅಂದೆ. ಅವನು ನಕ್ಕುಬಿಟ್ಟ. ‘ಅಮ್ಮಾ, ನಾನು ದಿನಾ ಗರಗಸ ಎಳೆಯೋನು. ಹತ್ತು ವರ್ಷದಿಂದ ಇದೇ ಬೆಲ್ಟು, ಇದೇ ತೂತು. ದಪ್ಪ ಆಗಿದ್ದು ನಾನಲ್ಲ, ನಿಮ್ಮ ಪುಸ್ತಕ ಬಡವಾಗಿದೆ’ ಅಂದ. ಸೊಂಟದಿಂದ ತನ್ನ ಉಕ್ಕಿನ ಟೇಪು ತೆಗೆದು, ಎದೆಗೆ ಸುತ್ತಿಕೊಂಡು ತೋರಿಸಿದ. ನಲವತ್ತೊಂದು. ನನ್ನ ಹಳದಿ ಟೇಪಿನಲ್ಲೂ ನಲವತ್ತೊಂದು. ಪುಸ್ತಕದಲ್ಲಿ, ಹೋದ ವರ್ಷ ನಿಮ್ಮ ಕೈಯಲ್ಲಿ ಬರೆದದ್ದು, ನಲವತ್ತು.

ಅವನನ್ನು ಅಲ್ಲೇ ನಿಲ್ಲಿಸಿ ಕತ್ತರಿಸುವ ಮೇಜಿನ ಹತ್ತಿರ ಹೋದೆ. ಹೋದ ವರ್ಷ ನೀವು ಮೇಜಿನ ಅಂಚಿಗೆ ಎರಡು ಮೊಳೆ ಹೊಡೆದಿದ್ದಿರಿ, ನೆನಪಿದೆಯೇ? ಪದೇ ಪದೇ ಟೇಪು ಹಿಡಿಯುವುದು ತಪ್ಪಲಿ ಎಂದು ಅರವತ್ತು ಇಂಚಿಗೆ ಸರಿಯಾಗಿ. ಬಡಗಿ ತನ್ನ ಪಟ್ಟಿ ಇಟ್ಟ. ಮೊಳೆಯಿಂದ ಮೊಳೆಗೆ ಅರವತ್ತೊಂದೂವರೆ.

ನಿಮ್ಮ ಟೇಪು ಒಂದೂವರೆ ಇಂಚು ಹಿಗ್ಗಿದೆ. ಹೇಗೆ ಹಿಗ್ಗಿತು ಎಂದು ನನ್ನನ್ನು ಕೇಳಿದರೆ ಹೇಳಬಲ್ಲೆ. ಮಾತಾಡುವಾಗ ನೀವು ಅದರ ಎರಡು ತುದಿಯನ್ನು ಎರಡು ಮುಷ್ಟಿಗೆ ಸುತ್ತಿ ಎಳೆಯುತ್ತೀರಿ. ಮಾತಿಗೊಂದು ಎಳೆತ. ನಿಮ್ಮ ಮಾತಿನ ಲೆಕ್ಕ ಹಾಕಿದರೆ ಒಂದೂವರೆ ಇಂಚು ಕಡಿಮೆಯೇ ಆಯಿತು.

ಅದೇ ಟೇಪಿನಲ್ಲಿ ಅಳೆದು ಅದರಲ್ಲೇ ಕತ್ತರಿಸಿದ್ದರಿಂದ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ತಪ್ಪು ಟೇಪೂ ತಪ್ಪು ಪುಸ್ತಕವೂ ಒಂದೇ ಮನೆಯಲ್ಲಿರುವವರೆಗೆ ಎಲ್ಲರ ಮೈಗೂ ಬಟ್ಟೆ ಸರಿಯಾಗಿತ್ತು. ಬೇರೆಯಾದ ಮೇಲೆ ನಿಮ್ಮ ಊರಿನವರೂ ದಪ್ಪ, ನಮ್ಮ ಊರಿನವರೂ ದಪ್ಪ. ನಿಮ್ಮ ನೆಲಮಾಳಿಗೆಯ ಆರು ಜನ ಯಾವ ತಪ್ಪೂ ಮಾಡಿಲ್ಲ.

ನಾವಿಬ್ಬರೂ ಜೊತೆಗಿದ್ದಾಗ ಹೊರಗಿನ ಅಳತೆ ನಮ್ಮ ಅಂಗಡಿಗೆ ಬಂದದ್ದು ಒಂದೇ ಸಲ. ಬ್ಯಾಂಡ್ ಮಾಸ್ಟರ ಚೀಟಿ. ಅವರ ಇಂಚು ಸರಿಯಾದ ಇಂಚು. ನೀವು ಅದನ್ನು ನಿಮ್ಮ ಇಂಚಿನಲ್ಲಿ ಕತ್ತರಿಸಿದಿರಿ. ಮುಂದಿನ ಲೆಕ್ಕ ನಾನು ಬರೆಯುವುದಿಲ್ಲ. ನೀವು ಲೆಕ್ಕದಲ್ಲಿ ಗಟ್ಟಿ.

ಈ ನಾಲ್ಕೈದು ತಿಂಗಳು ನಾನು ಎಷ್ಟು ಸಲ ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡಿದ್ದೇನೆ ಎಂದು ನಿಮಗೆ ಗೊತ್ತಿಲ್ಲ. ಎಲ್ಲ ಚೆನ್ನಾಗಿ ನಡೆದಿದೆ ಎಂದು ಮಾರ್ಚಿನಲ್ಲಿ ಬರೆದೆನಲ್ಲ, ಆ ವಾರವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ‘ಕಣ್ಣು ಚೆನ್ನಾಗಿದೆ ಕಣಮ್ಮಾ, ಯಾರು ಹೇಳಿದ್ದು ಹೋಗಿದೆ ಅಂತ?’ ಎಂದು ಕೇಳಿದರು.

ಇನ್ನೊಂದು. ಪುಸ್ತಕ ನೋಡಿ ಹೊಲಿದ ಬಟ್ಟೆಯೆಲ್ಲ ಎಲ್ಲರಿಗೂ ಬಿಗಿ. ನಿಮಗೊಬ್ಬರಿಗೆ ಅಚ್ಚು ಹೊಯ್ದ ಹಾಗಿದೆ, ತೋಳು ಮಾತ್ರ ಗಿಡ್ಡ. ಮನುಷ್ಯ ಸೊರಗಿದರೆ ಎದೆ ಇಳಿಯುತ್ತದೆ, ತೋಳಿನ ಉದ್ದ ಇಳಿಯುವುದಿಲ್ಲ. ಬೆಲ್ಟಿನ ತೂತಿನಲ್ಲಿ ನೀವು ಯಾವ ಕಡೆಗೆ ಹೋಗಿದ್ದೀರಿ ಎಂದು ನನಗೆ ಗೊತ್ತಾಗಿದೆ.

— ಕತ್ತರಿಸಿ ಹೊಲಿಯುವವಳು

*

ಜೂನ್ 3

ನಿನಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ಎರಡನೆಯ ಪುಟದ ಹೊತ್ತಿಗೆ ನಾನು ಹೇಗೋ ಗೆದ್ದುಬಿಡುತ್ತಿದ್ದೆ. ಇದು ಐದನೆಯದು, ಒಂದೇ ಪುಟ.

ನಿನ್ನ ಏಪ್ರಿಲ್ ಕಾಗದ ಕೈಗೆ ಬಂದ ದಿನವೇ ನಾನು ಅಳೆದೆ. ಕೆಳಗಿನ ಬೀಗದ ಅಂಗಡಿಯಿಂದ ಉಕ್ಕಿನ ಪಟ್ಟಿ ತಂದು, ಮಂಚದ ಮೇಲೆ ಹಾಸಿ, ಟೇಪು ಇಟ್ಟೆ. ಅರವತ್ತೊಂದೂವರೆ. ಪಟ್ಟಿ ತಿರುಗಿಸಿ ಇಟ್ಟೆ. ಅರವತ್ತೊಂದೂವರೆ. ಅದಾದ ಮೇಲೆ, ಅದು ಗೊತ್ತಿದ್ದೂ, ಮೇ ತಿಂಗಳ ಆ ಕಾಗದ ಬರೆದೆ. ಕೈಯ ತಪ್ಪು ಅಂದೆ. ಅಳೆಯುವುದಿಲ್ಲ ಅಂದೆ. ಟೇಪು ಹಿಗ್ಗಿದ್ದು ನನಗೆ ಗೊತ್ತಿರಲಿಲ್ಲ, ಅದನ್ನು ಯಾರಾದರೂ ಮಾಫು ಮಾಡಬಹುದು. ಇದನ್ನು ಮಾಡಲಾರರು.

ಹನ್ನೆರಡು ಕೋಟು ಕೆಡಿಸಿದ್ದು ನಾನು. ಒಂಬತ್ತು ದಿನ ಬಿಚ್ಚಿ ಹೊಲಿದದ್ದು ನೀನು. ನೀನು ಬಿಚ್ಚುವಾಗ ನಾನು ಬಾಗಿಲಲ್ಲಿ ನಿಂತು ಟೀ ಕುಡಿಯುತ್ತಿದ್ದೆ.

ಮಿಕ್ಕದ್ದನ್ನೂ ಹೇಳಿಬಿಡುತ್ತೇನೆ. ಮಾರ್ಚಿನಲ್ಲೇ ಮೇಲ್ವಿಚಾರಕಿ ನನ್ನನ್ನು ಅಳತೆಯಿಂದ ತೆಗೆದಳು. ಈಗ ಅದೇ ನೆಲಮಾಳಿಗೆಯಲ್ಲಿ ಹಬೆ ಇಸ್ತ್ರಿಯ ಹತ್ತಿರ ನಿಲ್ಲುತ್ತೇನೆ. ಕೊಳವೆಯ ಇನ್ನೊಂದು ತುದಿ ನನ್ನ ತಲೆಯ ಮೇಲೇ ಇದೆ. ಆರು ಜನರ ಮುಖವೂ ಈಗ ಗೊತ್ತು. ಇಸ್ತ್ರಿಯಿಂದ ಶುರುಮಾಡಿದವನು ಇಸ್ತ್ರಿಗೇ ಬಂದೆ. ನಡುವೆ ಇಪ್ಪತ್ತಾರು ವರ್ಷ ಮಾತಾಡಿದೆ. ಊಟ ಒಂದು ಹೊತ್ತು, ನಿಂತುಕೊಂಡು, ಬ್ರೆಡ್ಡು ಮೊಟ್ಟೆ. ಕೂತರೆ ಎದುರಿನ ಕುರ್ಚಿ ಕಾಣುತ್ತದೆ.

ಮನೆಯೊಡತಿಯ ಹತ್ತಿರ ಹೋಗಿ, ‘ಅಮ್ಮಾ, ಕೋಣೆ ಹನ್ನೊಂದೂಕಾಲು ಅಡಿ ಇದೆ, ತಪ್ಪು ನನ್ನದು’ ಅಂದೆ. ‘ನನಗೆ ಗೊತ್ತಿತ್ತಲ್ಲ’ ಅಂದಳು. ಅಷ್ಟೇ. ನಿಜ ಹೇಳುವುದು ಇಷ್ಟು ಚಿಕ್ಕ ಕೆಲಸ ಎಂದು ನನಗೆ ಈ ವಯಸ್ಸಿಗೆ ತಿಳಿಯಿತು.

ಈಗ ಕೇಳುತ್ತೇನೆ. ಟೇಪು ತೆಗೆದುಕೊಂಡು ವಾಪಸು ಬರಲೇ? ಟೇಪೂ ಪುಸ್ತಕವೂ ಒಂದೇ ಕಡೆ ಇದ್ದರೆ ಎಲ್ಲ ಮೊದಲಿನ ಹಾಗೇ ಸರಿಯಾಗುತ್ತದೆ ಎಂದು ನೀನೇ ಬರೆದಿದ್ದೀಯ.

— ಇಸ್ತ್ರಿ ಮಾಡುವವನು

*

ಜೂನ್ 21

ನಿಮಗೆ,

ಸರಿಯಾಗಿತ್ತು ಎಂದು ಬರೆದೆ. ಸರಿಯಾಗುತ್ತದೆ ಎಂದು ಬರೆಯಲಿಲ್ಲ.

ಬರಬೇಡಿ. ಕೋಪದಿಂದ ಹೇಳುತ್ತಿಲ್ಲ. ಕೋಪ ಮೇ ತಿಂಗಳಲ್ಲಿತ್ತು.

ಟೇಪು ನನಗೆ ಬೇಕಾಗಿಲ್ಲ. ಪುಸ್ತಕವನ್ನು ಮೊದಲಿನಿಂದ ಬರೆದೆ. ಗುಣಿಸಿ ಬರೆಯಬಹುದಿತ್ತು, ಲೆಕ್ಕದ ಮೇಷ್ಟ್ರು ಮಾಡಿಕೊಡುತ್ತೇನೆ ಎಂದರು. ಬೇಡ ಎಂದೆ. ಇನ್ನೂರ ಹದಿನಾಲ್ಕು ಜನರಿಗೂ ಹೇಳಿಕಳಿಸಿ, ಒಬ್ಬೊಬ್ಬರನ್ನೂ ಎದುರಿಗೆ ನಿಲ್ಲಿಸಿ, ನನ್ನ ಕೈಯಿಂದ ಅಳೆದೆ. ಐದು ವಾರ ಹಿಡಿಯಿತು. ನಿಮ್ಮ ಅಕ್ಕ ಬರೆದುಕೊಂಡರು. ‘ಸೊಂಟ ಎಷ್ಟು ಅಂದೆ? ಜೋರಾಗಿ ಹೇಳು’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ದಾದಿಯ ಹತ್ತಿರ ಬೈಸಿಕೊಂಡರು. ಪೋಸ್ಟ್ ಮಾಸ್ಟರು ತಾವು ದಪ್ಪವಾಗಿಲ್ಲ ಎಂದು ಹೆಂಡತಿಗೆ ಚೀಟಿ ಬರೆಸಿಕೊಂಡು ಹೋದರು.

ತಪ್ಪು ನಿಮ್ಮದೆಂದು ನನಗೆ ಬರೆದಿದ್ದೀರಿ. ನನಗೆ ಅದು ಬಡಗಿ ಪಟ್ಟಿ ಇಟ್ಟಾಗಲೇ ಗೊತ್ತಿತ್ತು. ಗೊತ್ತಿಲ್ಲದವರು ಹನ್ನೆರಡು ಜನ ಇದ್ದಾರೆ. ಅವರು ಈಗಲೂ ನಮ್ಮ ಅಂಗಡಿಯ ಮುಂದೆ ಹಾದುಹೋಗುವಾಗ ನನ್ನ ಕೈ ನೋಡುತ್ತಾರೆ.

*

ಜುಲೈ 9

ನಿನಗೆ,

ಹನ್ನೆರಡು ಕಾರ್ಡು ಬರೆದೆ. ಬ್ಯಾಂಡ್ ಮಾಸ್ಟರಿಗೆ ಒಂದು ಬರೆದರೆ ಸಾಲದೇ ಎಂದು ಮೊದಲು ಅನ್ನಿಸಿತು. ಆಡಿದ್ದು ಹನ್ನೆರಡು ಜನರ ಕಿವಿಗೆ. ಒಂದೊಂದಕ್ಕೂ ಬೇರೆ ಬೇರೆ ಬರೆದೆ, ಒಂದೇ ಮಾತನ್ನು. ಸಣ್ಣ ಡೋಲಿನವನ ವಿಳಾಸ ಸಿಗಲಿಲ್ಲ. ಅದನ್ನು ಬ್ಯಾಂಡ್ ಮಾಸ್ಟರ ಮೇಲ್ವಿಳಾಸಕ್ಕೆ ಹಾಕಿದೆ. ಲಕೋಟೆಯಲ್ಲಿ ಹಾಕಲಿಲ್ಲ. ಅಂಚೆಯವನೂ ಓದಲಿ.

ನಾಲ್ಕನೆಯದು ಬರೆಯುವಾಗ ‘ಟೇಪಿನ ದೋಷದಿಂದ’ ಎಂದು ಬರೆದಿದ್ದೆ. ಹೊಡೆದುಹಾಕಿ ‘ನನ್ನ ದೋಷದಿಂದ’ ಎಂದು ಮಾಡಿದೆ. ಕಾಟು ಕಾಣುತ್ತದೆ. ತುತ್ತೂರಿಯವನದೇ ಆ ಕಾರ್ಡು.

ಟೇಪನ್ನು ಮೊಳೆಗೆ ಹಾಕಿದ್ದೇನೆ. ಮಾತಾಡುವಾಗ ಕೈಗೆ ಹಿಡಿಯಲು ಏನೂ ಇಲ್ಲದಿದ್ದರೆ ಮಾತೂ ಕಡಿಮೆಯಾಗುತ್ತದೆ. ನೆಲಮಾಳಿಗೆಯವರು ನನ್ನನ್ನು ‘ಮೌನಿ’ ಅನ್ನುತ್ತಾರೆ. ಅಕ್ಕನಿಗೆ ಹೇಳು, ನಗಲಿ.

*

ಆಗಸ್ಟ್ 17

ನಿಮಗೆ,

ಕಾರ್ಡು ಸಿಕ್ಕವರಲ್ಲಿ ಒಂಬತ್ತು ಜನ ಅಂಗಡಿಗೆ ಬಂದರು. ಒಬ್ಬೊಬ್ಬರಾಗಿ ಬಂದರು, ಒಟ್ಟಿಗೆ ಬರಲು ಅವರಿಗೂ ನಾಚಿಕೆ. ಇಬ್ಬರು ಊರು ಬಿಟ್ಟಿದ್ದಾರಂತೆ. ಸಣ್ಣ ಡೋಲಿನವರು ಚಳಿಗಾಲದಲ್ಲೇ ತೀರಿಹೋದರಂತೆ. ಅವರ ಕಾರ್ಡನ್ನು ಬ್ಯಾಂಡ್ ಮಾಸ್ಟರೇ ತಂದು ನನ್ನ ಕೈಗೆ ಕೊಟ್ಟರು. ಡೋಲಿನವರು ನನ್ನ ಕೈ ಹೋಗಿದೆ ಎಂದುಕೊಂಡೇ ಹೋದರು. ಅದಕ್ಕೆ ನೀವೂ ಏನೂ ಮಾಡಲಾರಿರಿ, ನಾನೂ.

ತುತ್ತೂರಿಯವನು ಕೊನೆಗೆ ಬಂದ. ನಿಮ್ಮ ಕಾಟು ತೋರಿಸಿದ. ‘ಅಮ್ಮಾ, ಆವತ್ತು ನಕ್ಕಿದ್ದು ನಾನೇ. ನನ್ನ ಕೋಟು ನೋಡಿ ನಕ್ಕಿದ್ದು, ನಿಮ್ಮನ್ನ ನೋಡಿ ಅಲ್ಲ’ ಅಂದ. ನಿಜವೋ ಸುಳ್ಳೋ ಗೊತ್ತಿಲ್ಲ. ಆ ಮಾತನ್ನು ಒಪ್ಪಿಕೊಂಡೆ. ಹೊಸ ಕೋಟಿಗೆ ಅಳತೆ ಕೊಟ್ಟು ಹೋದ.

ಪುಸ್ತಕದಲ್ಲಿ ಒಂದು ಪುಟ ಹಳೆಯ ಇಂಚಿನಲ್ಲೇ ಉಳಿದಿದೆ. ನಿಮ್ಮದು. ಹೊಡೆದುಹಾಕಿಲ್ಲ. ತಿದ್ದಬೇಕಾದರೆ ನೀವು ಎದುರಿಗೆ ನಿಲ್ಲಬೇಕು. ನಾನು ಬನ್ನಿ ಎನ್ನುತ್ತಿಲ್ಲ.

ಕೂತು ಊಟ ಮಾಡಿ. ಎದುರಿನ ಕುರ್ಚಿ ಕಂಡರೆ ಕಾಣಲಿ. ಅಂಗಿ ಬಿಗಿಯಾದರೆ ಬರೆಯಿರಿ.

*

ಡಿಸೆಂಬರ್ 2

ನಿನಗೆ,

ಮೂರನೆಯ ಗುಂಡಿ ಎಳೆಯುತ್ತಿದೆ.

ಸೆಪ್ಟೆಂಬರಿನಿಂದ ಎರಡು ಹೊತ್ತು ಉಣ್ಣುತ್ತಿದ್ದೇನೆ, ಕೂತು. ಮನೆಯೊಡತಿ ಒಂದು ಪಾತ್ರೆ ಕೊಟ್ಟಳು. ಮೇಲಿಟ್ಟಿದ್ದ ಎರಡನೆಯ ತಟ್ಟೆಯನ್ನು ಅದರ ಮೇಲೆ ಮುಚ್ಚುತ್ತೇನೆ. ಎರಡು ತಿಂಗಳಿಂದ ಕತ್ತರಿಸುವ ಮೇಜಿಗೆ ಹಾಕಿದ್ದಾರೆ, ಆರು ಜನರ ಜೊತೆ ಏಳನೆಯವನು. ಅಂಗಡಿಯವರು ಕೊಟ್ಟ ಟೇಪಿನಲ್ಲೇ ಕತ್ತರಿಸುತ್ತೇನೆ. ಪ್ರತಿ ಸೋಮವಾರ ಅದನ್ನು ಉಕ್ಕಿನ ಪಟ್ಟಿಯ ಪಕ್ಕ ಇಟ್ಟು ನೋಡುತ್ತೇನೆ. ಮಿಕ್ಕವರು ನಗುತ್ತಾರೆ.

ಅಂಗಿ ಬಿಗಿಯಾದರೆ ಬರೆಯಿರಿ ಎಂದಿದ್ದೆ. ಬರೆಯಬೇಕೆಂದು ಕೂತೆ. ಆಮೇಲೆ ಅಂಗಿ ಬಿಚ್ಚಿ ತಿರುವಿ, ಪಕ್ಕದ ಹೊಲಿಗೆ ನೋಡಿದೆ. ಒಳಗೆ ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಬಿಟ್ಟಿದ್ದೀಯ. ಜನವರಿಯಲ್ಲೇ ನೀನು ಬರೆದಿದ್ದೆ, ನಾನು ಓದಿ ನಕ್ಕಿದ್ದೆ. ಇಪ್ಪತ್ತಾರು ವರ್ಷ ದಂಡ, ದಂಡ ಎಂದು ನಿನ್ನ ಕೈಯಿಂದ ಕತ್ತರಿಸಿ ಬಿಸಾಡಿಸಿದ್ದು ಇದನ್ನೇ.

ನಿನ್ನ ಹೊಲಿಗೆ ಬಿಚ್ಚುವುದಕ್ಕೆ ಇಡೀ ಭಾನುವಾರ ಬೇಕಾಯಿತು. ಅಷ್ಟು ಗಟ್ಟಿ. ಬಿಚ್ಚುತ್ತಾ ಆ ಒಂಬತ್ತು ದಿನ ನೀನು ಹೇಗೆ ಕೂತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನಿನ್ನ ಬೆನ್ನು ಮಾತ್ರ ನೆನಪಿಗೆ ಬಂತು, ನಾನು ಬಾಗಿಲಲ್ಲಿದ್ದೆನಲ್ಲ. ನಾನೇ ಸಡಿಲ ಮಾಡಿ ಹೊಲಿದುಕೊಂಡೆ. ನನ್ನ ಹೊಲಿಗೆ ನಿನ್ನಷ್ಟು ನೇರ ಬರುವುದಿಲ್ಲ. ಈಗ ಗುಂಡಿ ಎಳೆಯುವುದಿಲ್ಲ, ಎದೆಗೆ ಸರಿಯಾಗಿದೆ.

ಹಾಗಾಗಿ ಬರೆಯುವುದಕ್ಕೆ ಕಾರಣ ಏನೂ ಉಳಿಯಲಿಲ್ಲ. ಆದರೂ ಬರೆದೆ. ಪುಸ್ತಕದಲ್ಲಿ ನನ್ನ ಆ ಪುಟ ಹಾಗೇ ಇರಲಿ.

ತೋಳು ಮಾತ್ರ ಇನ್ನೂ ಗಿಡ್ಡ. ಅಲ್ಲಿ ಒಳಗೆ ಬಟ್ಟೆ ಇಲ್ಲ. ಮೊಣಕೈವರೆಗೆ ಮಡಚಿ ಹಾಕಿಕೊಳ್ಳುತ್ತೇನೆ.